ಓಟದ ಜಾವಾ, ದಾರಿಯ ಜಾವಾ



ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟರೆ ಮಹಾಗಾಂವ ಕ್ರಾಸ್ ದಾಟಿದ ಮೇಲೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಈ ಊರಿನಲ್ಲಿ ಮೋಟಾರ್‌ಸೈಕಲ್ ಪಂದ್ಯ ನಡೆದದ್ದಿಲ್ಲ, ಕಲಬುರಗಿಯಲ್ಲಿ ಗ್ರ್ಯಾನ್ ಪ್ರಿ ಕಣವೂ ಇಲ್ಲ. ಆದರೂ ಯುರೋಪಿನ ಗ್ರ್ಯಾನ್ ಪ್ರಿ ಕಣಗಳಲ್ಲಿ ಓಡಿದ ಒಂದು ಗಾಡಿಯ ಹೆಸರು ಮೂರು ದಶಕಕ್ಕೂ ಹೆಚ್ಚು ಕಾಲ ಈ ಮೂವತ್ತು ಚಿಲ್ಲರೆ ಕಿಲೋಮೀಟರಿನ ದಾರಿಯಲ್ಲೂ ಕೇಳಿಬಂತು. ಅದು ಜಾವಾ.

ಟ್ಯಾಂಕಿನ ಮೇಲಿನ ಬರಹ ಮುಂದೆ ಯೆಜ್ದಿ ಎಂದು ಬದಲಾದಾಗಲೂ ಹಳಬರ ಬಾಯಲ್ಲಿ ಅದು ಜಾವಾ ಆಗಿಯೇ ಉಳಿಯಿತು. ಒಂದೇ ಸಿಲಿಂಡರಿಗೆ ಎಡಬಲ ಎರಡು ಸೈಲೆನ್ಸರ್, ಕಿಕ್ ಹೊಡೆದ ಸಲಾಕೆಯನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರಿನ ಸಲಾಕೆ, ದೂರದಿಂದಲೇ ಗುರುತು ಹಿಡಿಯಬಹುದಾದ ಸದ್ದು: ಇದು ದಾರಿಯ ಜಾವಾ. ಇದೇ ಹೆಸರಿನ ಇನ್ನೊಂದು ಗಾಡಿ ಇದೇ ವರ್ಷಗಳಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ಸ್ಪರ್ಧಿಸುತ್ತಿತ್ತು. ಅದು ಓಟದ ಜಾವಾ. ಈ ಎರಡಕ್ಕೂ ನಡುವೆ ಇದ್ದ ನಂಟು ಎಷ್ಟು, ಇರಬೇಕಾಗಿದ್ದೂ ಇಲ್ಲದೆ ಹೋದ ನಂಟು ಯಾವುದು ಎಂಬುದೇ ಇಂದಿನ ಮಾತಿನ ವಿಷಯ.

ಹೆಸರು ಹುಟ್ಟಿದ ಬಗೆ

ಜಾವಾ ಎಂಬ ಹೆಸರಿಗೂ ಇಂಡೊನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. ಪ್ರಾಗ್ ನಗರದಲ್ಲಿ ಆಯುಧಗಳ ಕಾರ್ಖಾನೆ ನಡೆಸುತ್ತಿದ್ದ ಫ್ರಾಂತಿಷೆಕ್ ಯಾನೆಚೆಕ್ ಎಂಬ ಎಂಜಿನಿಯರ್, ಮೊದಲನೆಯ ಮಹಾಯುದ್ಧದ ನಂತರ ಆಯುಧಗಳ ಬೇಡಿಕೆ ತಗ್ಗಿದಾಗ ಬೇರೆ ಉದ್ಯಮ ಹುಡುಕಿದ. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ವಾಂಡರರ್‌ನ ಮೊದಲ ಎರಡು ಅಕ್ಷರಗಳನ್ನೂ ಕೂಡಿಸಿ ಹೊಸ ಗಾಡಿಗೆ ನಾಮಕರಣ ಮಾಡಿದ. ಅವರ ನುಡಿಯಲ್ಲಿ ಅದು ‘ಯಾವಾ’. ಇಂಗ್ಲಿಷ್ ಓದಿನ ರೂಢಿಯಿಂದ ಈ ಕಡೆ ‘ಜಾವಾ’ ಆಯಿತು.

ಐನೂರು ಸಿಸಿಯ ಮೊದಲ ಗಾಡಿ ದುಬಾರಿಯಾಗಿತ್ತು. ಜಗತ್ತೇ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಕಾಲ. ಯಾನೆಚೆಕ್ 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ ಕೂರಿಸಿದ 175 ಸಿಸಿಯ ಅಗ್ಗದ ಗಾಡಿಯನ್ನು ಹೊರತಂದ, ಕಂಪನಿ ಉಳಿಯಿತು. ಜೊತೆಗೆ ಜಾರ್ಜ್ ಪ್ಯಾಚೆಟ್ ಎಂಬ ಇಂಗ್ಲಿಷ್ ವಿನ್ಯಾಸಕಾರನನ್ನು ಕರೆಸಿಕೊಂಡು ಪಂದ್ಯಗಳಿಗೂ ಗಾಡಿ ಕಳಿಸಿದ. ಮಾರುವ ಗಾಡಿ ಒಂದು ಕಡೆ, ಕಲಿಯುವುದಕ್ಕೆ ಓಡುವ ಗಾಡಿ ಇನ್ನೊಂದು ಕಡೆ ಎಂಬ ಪದ್ಧತಿ ಆಗಲೇ ಶುರುವಾಯಿತು. ಯಾನೆಚೆಕ್ 1941ರಲ್ಲಿ ತೀರಿಕೊಂಡ. ಯುದ್ಧ ಮುಗಿದ ಮೇಲೆ ಕಾರ್ಖಾನೆ ಸರ್ಕಾರದ ವಶಕ್ಕೆ ಬಂತು, ಪದ್ಧತಿ ಮಾತ್ರ ನಿಲ್ಲಲಿಲ್ಲ.

ಎರಡು ಬಗೆಯ ಎಂಜಿನ್

ಇಲ್ಲಿ ಎಂಜಿನ್ನಿನ ವಿಷಯ ಸ್ವಲ್ಪ ಹೇಳಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ, ಎರಡು ಸಲ ಕೆಳಗೆ ಹೋದರೆ ಒಂದು ಸಲ ಬೆಂಕಿ ಹೊತ್ತುತ್ತದೆ. ಹವೆ ಒಳಗೆ ಬರಲು, ಹೊಗೆ ಹೊರಗೆ ಹೋಗಲು ವಾಲ್ವ್‌ಗಳಿರುತ್ತವೆ. ಕೆಳಗಡೆ ಬೇರೆಯಾಗಿ ಆಯಿಲ್ ಇರುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗಲೆಲ್ಲ ಬೆಂಕಿ. ವಾಲ್ವ್ ಇಲ್ಲ, ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ನೇ ಅವನ್ನು ಮುಚ್ಚುತ್ತದೆ, ತೆರೆಯುತ್ತದೆ. ಆಯಿಲ್ ಪೆಟ್ರೋಲಿನ ಜೊತೆಗೇ ಬೆರೆತು ಒಳಗೆ ಹೋಗಬೇಕು. ಭಾಗಗಳು ಕಡಿಮೆ, ಬೆಲೆ ಕಡಿಮೆ, ರಿಪೇರಿ ಸುಲಭ.

ಇಷ್ಟು ಸುಲಭವಾದ ಎಂಜಿನ್ನಿಗೆ ಎರಡು ದೌರ್ಬಲ್ಯಗಳಿದ್ದವು. ಮೊದಲನೆಯದು, ಹೊಗೆ ಹೊರಗೆ ಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲ್ ಹವೆಯೂ ಒಳಗೆ ಬರುವುದರಿಂದ ಅದರ ಒಂದು ಪಾಲು ಸುಡದೆಯೇ ಸೈಲೆನ್ಸರಿಗೆ ಹೋಗಿಬಿಡುತ್ತದೆ. ಎರಡನೆಯದು ಶಾಖ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರನ ಕೆಲಸ ನೋಡಿದವರಿಗೆ ಇದು ಹೊಸದಲ್ಲ. ಕಾಸಿದ ಪಟ್ಟಿ ಹಿಗ್ಗುತ್ತದೆ, ನೀರು ಬಿದ್ದಾಗ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಎಂಜಿನ್ನಿನಲ್ಲಿ ಪಿಸ್ಟನ್ ಅಲ್ಯುಮಿನಿಯಮ್ಮಿನದು, ಅದರ ಸುತ್ತಲ ಸಿಲಿಂಡರ್ ಕಬ್ಬಿಣದ್ದು. ಅಷ್ಟೇ ಶಾಖಕ್ಕೆ ಅಲ್ಯುಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಆಯಿಲ್ ಕಡಿಮೆಯಾದರೆ, ಶಾಖ ಮಿತಿಮೀರಿದರೆ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಅದು ‘ಸೀಜ್’.

1950ರ ದಶಕದಲ್ಲಿ ಈ ಎರಡು ತೊಂದರೆಗಳಿಗೂ ಸರಿಯಾದ ಮದ್ದು ಇರಲಿಲ್ಲ. ಆದ್ದರಿಂದಲೇ ಜಾವಾ ಕಾರ್ಖಾನೆ ಜನರಿಗೆ ಮಾರುವ ಗಾಡಿಗೆ ಅಗ್ಗದ ಎರಡು ಸ್ಟ್ರೋಕಿನ ಎಂಜಿನ್ ಇಟ್ಟು, ಗ್ರ್ಯಾನ್ ಪ್ರಿ ಗಾಡಿಗೆ ನಾಲ್ಕು ಸ್ಟ್ರೋಕಿನ ಎಂಜಿನ್ ಮಾಡಿತು: ಎರಡು ಸಿಲಿಂಡರ್, ಎರಡು ಕ್ಯಾಮ್‌ಶಾಫ್ಟ್‌ಗಳೂ ಸಿಲಿಂಡರ್ ತಲೆಯ ಮೇಲೆ. ಅಂದರೆ ಆ ದಿನಗಳಲ್ಲಿ ಓಟದ ಜಾವಾಕ್ಕೂ ದಾರಿಯ ಜಾವಾಕ್ಕೂ ಹೆಸರೊಂದು ಬಿಟ್ಟರೆ ಎಂಜಿನ್ನಿನಲ್ಲಿ ಹೋಲಿಕೆಯೇ ಇರಲಿಲ್ಲ.

1961: ಒಂದು ವರ್ಷ, ಮೂರು ಘಟನೆ

ಮೋಟಾರ್‌ಸೈಕಲ್ಲುಗಳ ವಿಶ್ವ ಚಾಂಪಿಯನ್‌ಷಿಪ್ 1949ರಲ್ಲಿ ಆರಂಭವಾಯಿತು. ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ವರ್ಗಗಳು. ವರ್ಷವಿಡೀ ಬೇರೆ ಬೇರೆ ದೇಶಗಳಲ್ಲಿ ಪಂದ್ಯ. ಅಂಕಗಳ ಮೊತ್ತದ ಮೇಲೆ ಪಟ್ಟ. 1961ರಲ್ಲಿ 350 ಸಿಸಿ ವರ್ಗದಲ್ಲಿ ಇಟಲಿಯ ಎಂ.ವಿ. ಅಗಸ್ಟಾ ಗಾಡಿಯ ಮೇಲೆ ಗ್ಯಾರಿ ಹಾಕಿಂಗ್ ಚಾಂಪಿಯನ್ ಆದ. ಎರಡನೆಯ ಸ್ಥಾನ ಜಾವಾ ಸವಾರ ಫ್ರಾಂತಿಷೆಕ್ ಷ್ಟ್ಯಾಸ್ಟ್ನಿಯದು. ಮೊದಲು ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ್ದ ಷ್ಟ್ಯಾಸ್ಟ್ನಿ ಆ ವರ್ಷ ಪಶ್ಚಿಮ ಜರ್ಮನಿಯ ಹಾಕೆನ್‌ಹೈಮ್‌ನಲ್ಲೂ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲೂ ಗೆದ್ದ. ಮೂರನೆಯ ಸ್ಥಾನವೂ ಜಾವಾ ಸವಾರ ಗುಸ್ತಾವ್ ಹಾವೆಲ್‌ಗೆ ಬಂತು. ಸಣ್ಣ ದೇಶದ ಸರ್ಕಾರಿ ಕಾರ್ಖಾನೆಯೊಂದಕ್ಕೆ ಇದು ಕಡಿಮೆ ಸಾಧನೆಯಲ್ಲ.

ಅದೇ 1961ರ ಮಾರ್ಚ್ ತಿಂಗಳಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಶುರುಮಾಡಿತು. ಮುಂಬಯಿಯಲ್ಲಿ ಜಾವಾ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಇದರ ಸ್ಥಾಪಕರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಬೆಂಬಲ ಇದಕ್ಕಿತ್ತು. ಜೆಕ್ ಕಂಪನಿಯ ಲೈಸೆನ್ಸ್ ಪಡೆದು 250 ಸಿಸಿಯ ಎರಡು ಸ್ಟ್ರೋಕಿನ ಗಾಡಿ ಮೈಸೂರಿನಲ್ಲಿ ತಯಾರಾಗತೊಡಗಿತು. ಹೈದರಾಬಾದ್ ರಾಜ್ಯದಿಂದ ಬಿಡಿಸಿ 1956ರಲ್ಲಷ್ಟೇ ಮೈಸೂರು ರಾಜ್ಯಕ್ಕೆ ಸೇರಿಸಿದ್ದ ಗುಲ್ಬರ್ಗ ಜಿಲ್ಲೆಗೆ ಹೀಗೆ ಅದು ತನ್ನದೇ ರಾಜ್ಯದಲ್ಲಿ ತಯಾರಾದ ಮೋಟಾರ್‌ಸೈಕಲ್ ಆಯಿತು.

ಮೂರನೆಯ ಘಟನೆ ಷ್ಟ್ಯಾಸ್ಟ್ನಿ ಗೆದ್ದ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲೇ, ಸೆಪ್ಟೆಂಬರ್ ತಿಂಗಳ ಅದೇ ಪಂದ್ಯಾವಳಿಯಲ್ಲಿ ನಡೆಯಿತು. ಆಗ ಯಾರಿಗೂ ಅದರ ಪೂರ್ಣ ಅರ್ಥ ಹೊಳೆದಿರಲಾರದು. ಆದರೆ ಮೈಸೂರಿನ ಜಾವಾದ ಭವಿಷ್ಯ ಒಂದು ರೀತಿಯಲ್ಲಿ ಅಲ್ಲಿಯೇ ತೀರ್ಮಾನವಾಯಿತು ಎನ್ನಬೇಕು.

ಪ್ರತಿಧ್ವನಿಯ ವಿದ್ಯೆ

ಪೂರ್ವ ಜರ್ಮನಿಯ ಚೋಪಾವ್ ಎಂಬ ಊರಿನಲ್ಲಿ ಎಂ.ಜೆಡ್. ಎಂಬ ಮೋಟಾರ್‌ಸೈಕಲ್ ಕಾರ್ಖಾನೆ ಇತ್ತು. ಅದರ ಪಂದ್ಯ ವಿಭಾಗದ ಮುಖ್ಯಸ್ಥ ವಾಲ್ಟರ್ ಕಾಡನ್. ಹಣವಿಲ್ಲ, ಒಳ್ಳೆಯ ಲೋಹ ಸಿಗುವುದು ಕಷ್ಟ. ಇದ್ದದ್ದು ಎರಡು ಸ್ಟ್ರೋಕಿನ ಎಂಜಿನ್ ಮಾತ್ರ. ಸುಡದೆ ಹೊರಗೆ ಓಡಿಹೋಗುವ ಪೆಟ್ರೋಲ್ ಹವೆಯನ್ನು ಹೇಗೆ ತಡೆಯುವುದು ಎಂಬ ಪ್ರಶ್ನೆಯನ್ನು ಕಾಡನ್ ಹಿಡಿದ.

ವಿಜಾಪುರದ ಗೋಳಗುಮ್ಮಟದಲ್ಲಿ ನಿಂತು ಕೂಗಿದವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ. ಶಬ್ದ ಹೋಗಿ ಗೋಡೆಗೆ ಬಡಿದು ಹಿಂದಿರುಗುತ್ತದೆ. ಸೈಲೆನ್ಸರಿನೊಳಗೆ ನುಗ್ಗುವ ಹೊಗೆಯ ಒತ್ತಡವೂ ಅಂಥ ಅಲೆಯೇ. ಕೊಳವೆಯನ್ನು ಮೊದಲು ಅಗಲವಾಗುತ್ತ ಹೋಗುವಂತೆ ಮಾಡಿದರೆ ಅಲೆ ಸಿಲಿಂಡರಿನ ಹೊಗೆಯನ್ನು ಹೀರಿಕೊಳ್ಳುತ್ತದೆ. ಅದೇ ಕೊಳವೆ ಮುಂದೆ ಕಿರಿದಾದರೆ ಅಲೆ ಅಲ್ಲಿಗೆ ಬಡಿದು ಹಿಂದಿರುಗುತ್ತದೆ. ಕಿಂಡಿ ಮುಚ್ಚುವ ಮೊದಲೇ ಬಂದು, ಹೊರಗೆ ಜಾರುತ್ತಿದ್ದ ಹೊಸ ಹವೆಯನ್ನು ಮತ್ತೆ ಒಳಗೆ ತಳ್ಳುತ್ತದೆ. ಕೊಳವೆಯ ಉದ್ದ, ಅಗಲ ಎರಡೂ ಎಂಜಿನ್ನಿನ ವೇಗಕ್ಕೆ ಸರಿಯಾಗಿ ಹೊಂದಬೇಕು. ಹೊಟ್ಟೆ ಉಬ್ಬಿದ ಆ ಕೊಳವೆಯ ಜೊತೆಗೆ ಹವೆ ಒಳಗೆ ಬಿಡಲು ತಿರುಗುವ ತಟ್ಟೆಯೊಂದನ್ನು ಕಾಡನ್ ಅಳವಡಿಸಿದ. ಫಲವಾಗಿ 1961ರ ಹೊತ್ತಿಗೆ 125 ಸಿಸಿಯ ಎಂ.ಜೆಡ್. ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು. ಲೀಟರ್ ಗಾತ್ರದ ಲೆಕ್ಕದಲ್ಲಿ 200 ಅಶ್ವಶಕ್ತಿ. ಅದೇ ವರ್ಷ ಮೈಸೂರಿನಲ್ಲಿ ತಯಾರಾಗತೊಡಗಿದ ಜಾವಾ ಇದರ ಎರಡರಷ್ಟು ದೊಡ್ಡ ಎಂಜಿನ್ನಿನಿಂದ ಕೊಡುತ್ತಿದ್ದುದು 12 ಅಶ್ವಶಕ್ತಿ.

ಕಾಡನ್‌ನ ಮುಖ್ಯ ಸವಾರ ಅರ್ನ್ಸ್ಟ್ ಡೆಗ್ನರ್. 1961ರಲ್ಲಿ 125 ಸಿಸಿ ಪಟ್ಟ ಅವನ ಕೈಗೆಟುಕುವಂತಿತ್ತು. ಆದರೆ ಆ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಿತು. ಮರುತಿಂಗಳು ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ಡೆಗ್ನರ್‌ನ ಎಂಜಿನ್ ಕೆಟ್ಟು ನಿಂತಿತು. ಪಂದ್ಯ ಮುಗಿದ ಮೇಲೆ ಅವನು ತನ್ನ ತಂಡಕ್ಕೆ ಮರಳದೆ ಪಶ್ಚಿಮಕ್ಕೆ ಪರಾರಿಯಾದ. ಹೆಂಡತಿ ಮಕ್ಕಳೂ ಅದೇ ಹೊತ್ತಿಗೆ ಗುಟ್ಟಾಗಿ ಗಡಿ ದಾಟಿದ್ದರು. ಅವನ ತಲೆಯಲ್ಲಿದ್ದ ಕಾಡನ್‌ನ ವಿದ್ಯೆ ಜಪಾನಿನ ಸುಜುಕಿ ಕಂಪನಿಯನ್ನು ಸೇರಿತು. ಮರುವರ್ಷ ಹೊಸದಾಗಿ ಶುರುವಾದ 50 ಸಿಸಿ ವರ್ಗದಲ್ಲಿ ಡೆಗ್ನರ್ ಸುಜುಕಿಯ ಮೇಲೆ ವಿಶ್ವ ಚಾಂಪಿಯನ್ ಆದ. ಯಮಾಹಾ ಕೂಡ ತನ್ನ ದಾರಿಯಲ್ಲಿ ಇದೇ ಬಗೆಯ ಎಂಜಿನ್ನುಗಳನ್ನು ಬೆಳೆಸಿ 1964ರಲ್ಲಿ 250 ಸಿಸಿ ಪಟ್ಟ ಗಳಿಸಿತು.

ಚಾಂಪಿಯನ್ ಪಟ್ಟ ಕಳೆದುಕೊಂಡ ಕಾಡನ್‌ಗೆ ಆದದ್ದು ನಿಜವಾಗಿ ಕಳವು. ಯಾರೂ ಯಂತ್ರ ಒಯ್ಯಲಿಲ್ಲ; ಯಂತ್ರದ ಹಿಂದಿನ ಕಾರಣವನ್ನು ಒಯ್ದರು. ಯಂತ್ರ ಹಳತಾಗುತ್ತದೆ. ಕಾರಣ ತಿಳಿದವನು ಇನ್ನೊಂದು ಯಂತ್ರ ಮಾಡಬಲ್ಲ.

ವಿ-4 ಮತ್ತು ಬಿಲ್ ಐವಿ

ಜಾವಾ ಈ ಬದಲಾವಣೆಯನ್ನು ಗಮನಿಸದೆ ಇರಲಿಲ್ಲ. ಷ್ಟ್ಯಾಸ್ಟ್ನಿ 1965ರಲ್ಲಿ ಅಲ್‌ಸ್ಟರ್‌ನಲ್ಲಿ 350 ಸಿಸಿ ಪಂದ್ಯವನ್ನೂ 1966ರಲ್ಲಿ ಪೂರ್ವ ಜರ್ಮನಿಯ 500 ಸಿಸಿ ಪಂದ್ಯವನ್ನೂ ಗೆದ್ದನಾದರೂ ಹಳೆಯ ನಾಲ್ಕು ಸ್ಟ್ರೋಕಿನ ಗಾಡಿಗಳ ಕಾಲ ಮುಗಿಯುತ್ತ ಬಂದಿತ್ತು. ಕೊನೆಗೆ ಕಾರ್ಖಾನೆ ತನ್ನ ಅತ್ಯಂತ ಸಾಹಸದ ಗಾಡಿಗೆ ಕೈ ಹಾಕಿತು. ವಿನ್ಯಾಸಕಾರ ಜ್ದೆನೆಕ್ ತಿಖಿ. ‘ವಿ’ ಆಕಾರದಲ್ಲಿ ಜೋಡಿಸಿದ ನಾಲ್ಕು ಸಿಲಿಂಡರ್, ಎರಡು ಸ್ಟ್ರೋಕ್, ಹವೆ ಬಿಡಲು ತಿರುಗುವ ತಟ್ಟೆ, ತಂಪಿಗೆ ನೀರು. ಗಾತ್ರ 350 ಸಿಸಿಗೆ ತುಸು ಕಡಿಮೆ, ಶಕ್ತಿ ಸುಮಾರು 70 ಅಶ್ವಶಕ್ತಿ, ವೇಗ ನಿಮಿಷಕ್ಕೆ 13,000 ಸುತ್ತು. ಅಂದರೆ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ಬೆಂಕಿ. ದಾರಿಯ ಜಾವಾ ತನ್ನ ಪೂರ್ಣ ಶಕ್ತಿ ಕೊಡುತ್ತಿದ್ದುದು ಐದು ಸಾವಿರ ಸುತ್ತಿನ ಒಳಗೇ ಎಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ.

ಕಾಗದದ ಮೇಲೆ ಈ ಗಾಡಿ ಯಾರಿಗೂ ಕಡಿಮೆಯಿರಲಿಲ್ಲ. 1967ರಿಂದ ಕಣಕ್ಕೆ ಇಳಿದ ಅದನ್ನು ಕಾಡಿದ್ದು ಸೀಜ್. ನಾಲ್ಕು ಸಿಲಿಂಡರುಗಳಲ್ಲಿ ಒಂದು ಕಚ್ಚಿಕೊಂಡರೂ ಸಾಕು, ಹಿಂದಿನ ಚಕ್ರ ಓಡುತ್ತಿದ್ದಂತೆಯೇ ಬಿಗಿದು ನಿಲ್ಲುತ್ತದೆ. ಆದ್ದರಿಂದಲೇ ಎರಡು ಸ್ಟ್ರೋಕಿನ ಗಾಡಿಯ ಸವಾರರು ಎಡಗೈ ಬೆರಳನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟಿರುತ್ತಿದ್ದರು. ಎಂಜಿನ್ ಹಿಡಿಯಿತು ಎಂಬ ಸೂಚನೆ ಸಿಕ್ಕ ಕ್ಷಣವೇ ಕ್ಲಚ್ ಒತ್ತಿದರೆ ಜೀವ ಉಳಿಯುತ್ತದೆ.

ಇಂಗ್ಲೆಂಡಿನ ಬಿಲ್ ಐವಿ ಗಿಡ್ಡ ಆಳು, ಎದೆಗಾರ. ಯಮಾಹಾದ ಮೇಲೆ 1967ರ 125 ಸಿಸಿ ವಿಶ್ವ ಚಾಂಪಿಯನ್. 1968ರ ಕೊನೆಗೆ ಯಮಾಹಾ ಪಂದ್ಯಗಳಿಂದ ಹಿಂದೆ ಸರಿದಾಗ ಐವಿ ಕಾರು ಪಂದ್ಯಗಳ ಕಡೆ ತಿರುಗಿದ. ಜೊತೆಗೆ 1969ಕ್ಕೆ ಜಾವಾ ತಂಡವನ್ನೂ ಸೇರಿದ. ಹಾಕೆನ್‌ಹೈಮ್‌ನಲ್ಲಿ ಎರಡನೆಯ ಸ್ಥಾನ. ಹಾಲೆಂಡಿನ ಅಸೆನ್‌ನಲ್ಲಿ ಮತ್ತೆ ಎರಡನೆಯ ಸ್ಥಾನ. ಎರಡು ಕಡೆಯೂ ಮುಂದಿದ್ದವನು ಎಂ.ವಿ. ಅಗಸ್ಟಾದ ಜಾಕೊಮೊ ಅಗೊಸ್ಟಿನಿ ಒಬ್ಬನೇ. ಅಗೊಸ್ಟಿನಿಯನ್ನು ಅಂಜಿಸಬಲ್ಲ ಗಾಡಿ ಕೊನೆಗೂ ಬಂತು ಎಂದು ಪತ್ರಿಕೆಗಳು ಬರೆಯುವ ಹೊತ್ತು ಅದು.

1969ರ ಜುಲೈ 12ರಂದು ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ ಅಭ್ಯಾಸ ಓಟ ನಡೆದಿತ್ತು. ಐವಿಯ ಜಾವಾ ಎಂಜಿನ್ ಸೀಜ್ ಆಯಿತು. ಕೆಳಗೆ ಬಿದ್ದ ಅವನ ತಲೆಯಿಂದ ಹೆಲ್ಮೆಟ್ ಕಳಚಿಹೋಯಿತು. ತಲೆಗೆ ಬಿದ್ದ ಪೆಟ್ಟಿನಿಂದ ಐವಿ ತೀರಿಕೊಂಡ. ಇಪ್ಪತ್ತಾರರ ಪ್ರಾಯ. ಅದೇ ಸೆಪ್ಟೆಂಬರ್‌ನಲ್ಲಿ ಯುಗೊಸ್ಲಾವಿಯಾದ ಒಪಾಟಿಯಾದಲ್ಲಿ ಇಟಲಿಯ ಸಿಲ್ವಿಯೊ ಗ್ರಾಸೆಟ್ಟಿ ಇದೇ ವಿ-4 ಗಾಡಿಯನ್ನು ಗೆಲುವಿಗೆ ಒಯ್ದ. ಗಾಡಿಗೆ ಗೆಲ್ಲುವ ಶಕ್ತಿಯಿತ್ತೆಂಬುದಕ್ಕೆ ಅದು ಸಾಕ್ಷಿ. ಆದರೆ ಆ ಹೊತ್ತಿಗೆ ಗೆಲುವಿಗಾಗಿ ಕೊಟ್ಟ ಬೆಲೆ ಬಹಳ ದೊಡ್ಡದಾಗಿತ್ತು. ಜಪಾನಿನ ಕಂಪನಿಗಳಷ್ಟು ಹಣವಾಗಲಿ, ಬೇಕಾದ ಲೋಹವಾಗಲಿ ಜಾವಾದ ಬಳಿ ಇರಲಿಲ್ಲ.

ಕಲಬುರಗಿಯ ಬಿಸಿಲಿನಲ್ಲಿ

ಸಾಕ್ಸೆನ್‌ರಿಂಗ್‌ನಲ್ಲಿ ಐವಿಯ ಪ್ರಾಣ ತೆಗೆದ ಸೀಜ್ ಕಲಬುರಗಿಯ ಜಾವಾ ಮಾಲೀಕರಿಗೂ ಅಪರಿಚಿತವಾಗಿರಲಿಲ್ಲ. ಇಲ್ಲಿ ಅದು ಕೊಲ್ಲುವುದಕ್ಕಿಂತ ಹೆಚ್ಚಾಗಿ ಕಾಡುತ್ತಿತ್ತು. ಏಪ್ರಿಲ್-ಮೇ ತಿಂಗಳ ನಲವತ್ತು ಡಿಗ್ರಿ ಮೀರಿದ ಬಿಸಿಲು, ಹಿಂದೆ ಒಬ್ಬರು, ಮುಂದೆ ಟ್ಯಾಂಕಿನ ಮೇಲೆ ಮಗು, ಪಕ್ಕಕ್ಕೆ ಚೀಲ. ಗಾಳಿಯಿಂದಷ್ಟೇ ತಂಪಾಗಬೇಕಾದ ಎಂಜಿನ್ ಕಮಲಾಪುರದ ದಾರಿಯಲ್ಲಿ ಒಂದೇ ಸಮ ಓಡಿದರೆ ಪಿಸ್ಟನ್ ಹಿಗ್ಗಲೇಬೇಕು. ಬಂಕಿನಲ್ಲಿ ಆಯಿಲ್ ಸರಿಯಾಗಿ ಬೆರೆಯದಿದ್ದರಂತೂ ಕೇಳುವುದೇ ಬೇಡ. ಹೆಚ್ಚು ಬೆರೆತರೆ ಪ್ಲಗ್ ಕಪ್ಪಾಗಿ ಗಾಡಿ ಸ್ಟಾರ್ಟ್ ಆಗದು. ಕಡಿಮೆ ಬೆರೆತರೆ ಸೀಜ್. ಗ್ಯಾರೇಜಿಗೆ ತಳ್ಳಿಕೊಂಡು ಬಂದವರಿಗೆ ಮಿಸ್ತ್ರಿ ಹೇಳುವ ಮಾತು ಒಂದೇ: ‘ಎಣ್ಣಿ ಕಮ್ಮಿ ಬಿದ್ದದ್ರಿ, ಪಿಸ್ಟನ್ ಹಿಡಿದದ.’

ಹಿಡಿದ ಪಿಸ್ಟನ್ನನ್ನು ಬಿಚ್ಚಿ ನೋಡಿದರೆ ಅದರ ಮೇಲಿನ ಗೀರುಗಳೇ ಕಾರಣ ಹೇಳುತ್ತವೆ. ಸುತ್ತಲೂ ಗೀರಿದ್ದರೆ ಆಯಿಲ್ ಕೊರತೆ. ಹೊಗೆಯ ಕಿಂಡಿಯ ಕಡೆಗಷ್ಟೇ ಗೀರಿದ್ದರೆ ಶಾಖ. ಪಿಸ್ಟನ್ನಿನ ತಲೆ ಬೆಳ್ಳಗೆ ಸುಟ್ಟಿದ್ದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲಿಗಿಂತ ಹವೆ ಹೆಚ್ಚು. ಕಾಡನ್‌ನ ಮೆಕ್ಯಾನಿಕ್‌ಗಳೂ ಜಾವಾ ಪಂದ್ಯ ವಿಭಾಗದವರೂ ಓದುತ್ತಿದ್ದ ಲಿಪಿ ಇದೇ. ಒಂದು ವ್ಯತ್ಯಾಸವಿತ್ತು. ಅಲ್ಲಿ ಸಂಜೆ ಓದಿದ್ದು ಮರುದಿನ ವಿನ್ಯಾಸಕಾರನ ಮೇಜಿನ ಮೇಲೆ ಇರುತ್ತಿತ್ತು. ಕಿಂಡಿಯ ಅಳತೆ ಬದಲಾಗುತ್ತಿತ್ತು, ಲೋಹ ಬದಲಾಗುತ್ತಿತ್ತು. ಇಲ್ಲಿ ಓದಿದ್ದು ಗ್ಯಾರೇಜಿನ ಗೋಡೆ ದಾಟಲಿಲ್ಲ. ಮಿಸ್ತ್ರಿ ಸಿಲಿಂಡರ್ ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿ ಗಾಡಿ ಕೊಟ್ಟುಬಿಡುತ್ತಿದ್ದ. ಶಿಷ್ಯನಿಗೆ ಕಲಿಸುತ್ತಿದ್ದ. ಅಲ್ಲಿಗೆ ಮುಗಿಯಿತು.

ಇದಕ್ಕೆ ಮೈಸೂರಿನ ಕಾರ್ಖಾನೆಯನ್ನಷ್ಟೇ ದೂರುವುದು ನ್ಯಾಯವಲ್ಲ. ಎಷ್ಟು ಗಾಡಿ ತಯಾರಿಸಬೇಕು, ಯಾವ ಯಂತ್ರ ಆಮದು ಮಾಡಬೇಕು ಎಂಬುದಕ್ಕೆಲ್ಲ ದೆಹಲಿಯ ಅಪ್ಪಣೆ ಬೇಕಾದ ಕಾಲ ಅದು. ಮದರಾಸಿನ ಎನ್‌ಫೀಲ್ಡ್, ಎಸ್ಕಾರ್ಟ್ಸ್ ಕಂಪನಿಯ ರಾಜದೂತ್, ಮೈಸೂರಿನ ಜಾವಾ: ಮೋಟಾರ್‌ಸೈಕಲ್ ಬೇಕೆಂದವರಿಗೆ ಇದ್ದ ಆಯ್ಕೆ ಮುಖ್ಯವಾಗಿ ಈ ಮೂರು. ಮೂರೂ ಬೇರೆ ದೇಶದ ಹಳೆಯ ನಕ್ಷೆಗಳ ಗಾಡಿಗಳು. ಮಾರುಕಟ್ಟೆ ಕಾದು ನಿಂತಿರುವಾಗ ಹೊಸದನ್ನು ಹುಡುಕುವ ಒತ್ತಾಯ ಯಾರಿಗೂ ಇರಲಿಲ್ಲ. ಆದರೂ ಮೈಸೂರಿನವರು ಸುಮ್ಮನೆ ಕೂರಲಿಲ್ಲ. 1970ರ ದಶಕದಲ್ಲಿ ಯೆಜ್ದಿ ಎಂಬ ಸ್ವಂತ ಹೆಸರಿಟ್ಟರು, 1978ರಲ್ಲಿ 16 ಅಶ್ವಶಕ್ತಿಯ ರೋಡ್‌ಕಿಂಗ್ ತಂದರು, 1980ರ ದಶಕದಲ್ಲಿ ಎರಡು ಸಿಲಿಂಡರಿನ 350 ಕೂಡ ತಂದರು. ಮದರಾಸಿನ ಬಳಿಯ ಷೋಳಾವರಂ ವಿಮಾನಪಟ್ಟಿಯ ಪಂದ್ಯಗಳಲ್ಲಿ ಯೆಜ್ದಿ ಗಾಡಿಗಳು ಓಡಿದವು. ಆದರೆ ಪ್ರಾಗ್‌ನಿಂದ ಬಂದ ಲೈಸೆನ್ಸಿನಲ್ಲಿ ಗಾಡಿಯ ನಕ್ಷೆ ಇತ್ತು. ಆ ನಕ್ಷೆ ಹಾಗೇಕೆ ಇದೆ, ನಾಳೆ ಹೇಗಿರಬೇಕು ಎಂದು ಹುಡುಕುವ ಪಂದ್ಯ ವಿಭಾಗ ಅದರ ಜೊತೆಗೆ ಬರಲಿಲ್ಲ. ಜಾವಾದ ಓಟದ ಗಾಡಿ ಕಲಿತ ಪಾಠ ದಾರಿಯ ಗಾಡಿಗೆ ಇಳಿಯಬೇಕಾಗಿದ್ದ ದಾರಿ ಅಲ್ಲಿಯೇ ಕಡಿದುಹೋಗಿತ್ತು.

ಕ್ರಿಸ್ಟಿಯಾನ್‌ಸ್ಟಾಡ್‌ನ ವಿದ್ಯೆ ಕಮಲಾಪುರಕ್ಕೆ

1980ರ ದಶಕದಲ್ಲಿ ಸರ್ಕಾರ ವಿದೇಶಿ ಕಂಪನಿಗಳ ಸಹಯೋಗಕ್ಕೆ ಬಾಗಿಲು ತೆರೆಯಿತು. 1984ರಲ್ಲಿ ಬೆಂಗಳೂರಿನ ಪಕ್ಕದ ಹೊಸೂರಿನಿಂದ ಇಂಡ್-ಸುಜುಕಿ ಹೊರಬಂತು. 1985ರಲ್ಲಿ ಹೀರೊ ಹೊಂಡಾ ಬಂತು. ಅದೇ ವರ್ಷ ಎಸ್ಕಾರ್ಟ್ಸ್‌ನವರ ಯಮಾಹಾ ಆರ್‌ಎಕ್ಸ್ 100 ಬಂತು. ಕಲಬುರಗಿಯ ಕಾಲೇಜು ಹುಡುಗರ ಕಣ್ಣು ಆರ್‌ಎಕ್ಸ್ ಮೇಲೆ ಬಿತ್ತು. ಏಕೆಂದು ಅಂಕಿಗಳೇ ಹೇಳುತ್ತವೆ. ಆರ್‌ಎಕ್ಸ್‌ನ ಎಂಜಿನ್ 98 ಸಿಸಿ, ಶಕ್ತಿ 11 ಅಶ್ವಶಕ್ತಿ. ಹಳೆಯ ಜಾವಾ ಎಂಜಿನ್ 248 ಸಿಸಿ ಮೀರಿದ್ದು, ಶಕ್ತಿ 12. ಎರಡೂ ಎರಡು ಸ್ಟ್ರೋಕಿನವೇ. ಎರಡರಲ್ಲೂ ಪಿಸ್ಟನ್ನೇ ಕಿಂಡಿ ತೆರೆದು ಮುಚ್ಚುವುದು. ವ್ಯತ್ಯಾಸ ಇದ್ದದ್ದು ಕಿಂಡಿಯ ಅಳತೆಯಲ್ಲಿ, ಹವೆ ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಪಟ್ಟಿಗಳಲ್ಲಿ, ಸೈಲೆನ್ಸರಿನ ಒಳಗಿನ ಅಲೆಯ ಲೆಕ್ಕದಲ್ಲಿ. ಪೆಟ್ರೋಲಿಗೆ ಆಯಿಲ್ ಬೆರೆಸುವ ಗೊಡವೆಯೂ ಇರಲಿಲ್ಲ. ಬೇರೆ ಡಬ್ಬಿಯಿಂದ ಪುಟ್ಟ ಪಂಪೊಂದು ಬೇಕಾದಷ್ಟೇ ಎಳೆದುಕೊಳ್ಳುತ್ತಿತ್ತು.

ಇವುಗಳಲ್ಲಿ ಹೆಚ್ಚಿನವು 1960ರ ದಶಕದ ಗ್ರ್ಯಾನ್ ಪ್ರಿ ಕಣಗಳಲ್ಲಿ ಹದಗೊಂಡ ವಿದ್ಯೆಗಳು. 1961ರಲ್ಲಿ ಡೆಗ್ನರ್ ಹೊತ್ತೊಯ್ದದ್ದು, ಬಿಲ್ ಐವಿಯಂಥವರು ಯಮಾಹಾದ ಮೇಲೆ ಕೂತು ಪರೀಕ್ಷಿಸಿದ್ದು, ಇಪ್ಪತ್ತು ಚಿಲ್ಲರೆ ವರ್ಷಗಳ ಮೇಲೆ ಸಾಮಾನ್ಯರ ಗಾಡಿಯ ರೂಪದಲ್ಲಿ ಕಮಲಾಪುರದ ದಾರಿಗೆ ಬಂತು. ಷ್ಟ್ಯಾಸ್ಟ್ನಿ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ಗೆದ್ದ ಜಾವಾದ ಹೆಸರು ಅದೇ ದಾರಿಯಲ್ಲಿ ಹಿಂದೆ ಬಿತ್ತು. ಇಂಧನ ಮಿತವ್ಯಯದ ಹೀರೊ ಹೊಂಡಾ ಇನ್ನೊಂದು ಕಡೆಯಿಂದ ಪೆಟ್ಟು ಕೊಟ್ಟಿತು. ಹೊಗೆಯ ಹೊಸ ನಿಯಮಗಳೂ ಸೇರಿ 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ವಿಚಿತ್ರವೆಂದರೆ ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ ಅದೇ 1996ರಲ್ಲಿ. ಆದರೆ ಯಮಾಹಾದ ಬಳಿ ಮುಂದಿನ ಗಾಡಿಯ ವಿದ್ಯೆ ಇತ್ತು. ಮೈಸೂರಿನ ಬಳಿ ಇರಲಿಲ್ಲ.

ಹೆಸರು ಮರಳಿತು

ಕಥೆಗೆ ಇನ್ನೂ ಒಂದು ತುಣುಕಿದೆ. ಮಹೀಂದ್ರಾ ಕಂಪನಿ 2011ರಲ್ಲಿ ಗ್ರ್ಯಾನ್ ಪ್ರಿ ಪಂದ್ಯಗಳಿಗೆ ಇಳಿಯಿತು. ಬಿಲ್ ಐವಿ ಎರಡನೆಯವನಾಗಿದ್ದ ಅಸೆನ್‌ನಲ್ಲೇ 2016ರ ಜೂನ್‌ನಲ್ಲಿ ಇಟಲಿಯ ಫ್ರಾನ್ಸೆಸ್ಕೊ ಬನಾಯಾ ಮಹೀಂದ್ರಾದ 250 ಸಿಸಿ ಮೋಟೊ-3 ಗಾಡಿಯನ್ನು ಮೊದಲ ಗೆಲುವಿಗೆ ಒಯ್ದ. ಅದೇ ಬನಾಯಾ 2022 ಮತ್ತು 2023ರಲ್ಲಿ, ಆಗ ಅವನ ಜೊತೆಗಾರನಾಗಿ ಮಹೀಂದ್ರಾ ಓಡಿಸಿದ್ದ ಹೋರ್ಹೆ ಮಾರ್ಟಿನ್ 2024ರಲ್ಲಿ, ಅತ್ಯುನ್ನತ ವರ್ಗದ ವಿಶ್ವ ಚಾಂಪಿಯನ್ ಆದರು. ಮಹೀಂದ್ರಾ ಮಾತ್ರ 2017ರ ಕೊನೆಗೇ ಪಂದ್ಯಗಳಿಂದ ಹಿಂದೆ ಸರಿದಿತ್ತು. 2018ರಲ್ಲಿ ಮಹೀಂದ್ರಾದ ಹೂಡಿಕೆಯಿದ್ದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿನ ಹೊಸ ಗಾಡಿಗಳನ್ನು ಮಾರುಕಟ್ಟೆಗೆ ತಂದಿತು. 2022ರಲ್ಲಿ ಯೆಜ್ದಿಯೂ ಬಂತು. ಎಂಜಿನ್ ನಾಲ್ಕು ಸ್ಟ್ರೋಕಿನದು, ತಂಪಿಗೆ ನೀರು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಮರಳಿತು, ಕಾರ್ಖಾನೆ ಮರಳಲಿಲ್ಲ.

ಹಳೆಯ ಗಾಡಿಯ ಮೇಲಿನ ಮಮತೆ ತಪ್ಪಲ್ಲ. ಆದರೆ ಜಾವಾದ ಕಥೆಯಲ್ಲಿ ಮಮತೆಗಿಂತ ಹೆಚ್ಚಿನದೊಂದಿದೆ. ಒಂದು ದೇಶ ಯಂತ್ರವನ್ನು ಕೊಳ್ಳಬಹುದು, ನಕ್ಷೆಯನ್ನು ಕೊಳ್ಳಬಹುದು, ಹೆಸರನ್ನೂ ಕೊಳ್ಳಬಹುದು. ಯಂತ್ರ ಏಕೆ ಕೆಡುತ್ತದೆ ಎಂಬ ತಿಳಿವಳಿಕೆಯನ್ನು ಮಾತ್ರ ಕೆಡಿಸಿ, ಬಿಚ್ಚಿ, ಬರೆದಿಟ್ಟೇ ಗಳಿಸಬೇಕು. ಚೋಪಾವ್‌ನ ಕಾಡನ್ ಬಡ ಕಾರ್ಖಾನೆಯಲ್ಲೇ ಅದನ್ನು ಗಳಿಸಿದ. ಕಲಬುರಗಿಯ ಮಿಸ್ತ್ರಿಗಳೂ ಗಳಿಸಿದ್ದರು. ಅವರ ಓದನ್ನು ಕೇಳಿ ಬರೆದುಕೊಳ್ಳುವವರು ಇರಲಿಲ್ಲ, ಅಷ್ಟೇ. 1958ರಲ್ಲೇ ಆರಂಭವಾದ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು ಇದೇ ಊರಿನಲ್ಲಿದೆ. ಜಾವಾ ಬಿಚ್ಚಿ ಕೈ ಕಪ್ಪಾಗಿಸಿಕೊಂಡ ಹಿರಿಯ ಮೆಕ್ಯಾನಿಕ್‌ಗಳು ಈಗ ವಯಸ್ಸಾದವರು. ಕಾಲೇಜಿನ ವಿದ್ಯಾರ್ಥಿಗಳು ಒಂದು ಸಂಜೆ ಅವರ ಮುಂದೆ ಕುಳಿತು, ಹಿಡಿದ ಪಿಸ್ಟನ್ನಿನ ಗೀರುಗಳನ್ನು ಓದುವುದು ಹೇಗೆಂದು ಕೇಳಿ ಬರೆದುಕೊಂಡರೆ, ಜಾವಾದ ಕಥೆಯಲ್ಲಿ ತಪ್ಪಿಹೋದ ಕೆಲಸ ಸ್ವಲ್ಪವಾದರೂ ನಡೆದಂತಾಗುತ್ತದೆ. ಮುಂದಿನ ಗಾಡಿ ವಿದ್ಯುತ್ತಿನದೇ ಇರಲಿ, ಅದೂ ಬಿಸಿಲಿಗೆ ಬಿಸಿಯಾಗುತ್ತದೆ, ಅದೂ ಕೆಡುತ್ತದೆ. ಏಕೆ ಕೆಟ್ಟಿತೆಂದು ಈ ಊರಿನವರೇ ಹೇಳಬಲ್ಲವರಾಗಬೇಕು.